ಒಂದರಿಯಲ್ಲಿ ಉಳಿದದ್ದು

ಕ್ರಿ.ಶ. 1704 ನಮ್ಮ ಸೀಮೆಯವರು ನೆನಪಿಡತಕ್ಕ ವರ್ಷ. ಪಟ್ಟಕ್ಕೆ ಬರುವ ಮುನ್ನ ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಕಾವಲಿನಲ್ಲಿದ್ದು, ಅನಂತರ ಮೂವತ್ತೊಂದು ವರ್ಷ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಆ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ತಿರುಮಲಾರ್ಯ, ಚಿಕುಪಾಧ್ಯಾಯರಂತಹ ಪಂಡಿತರಿಗೂ ಯಳಂದೂರಿನ ಸಂಚಿಯ ಹೊನ್ನಮ್ಮನಿಗೂ ನೆರಳಾಗಿದ್ದ ಆಸ್ಥಾನವದು. ಸಾಹಿತ್ಯ ಚರಿತ್ರೆಯನ್ನು ಓದಿದ ವಿದ್ಯಾರ್ಥಿಗಳು ಇದನ್ನು ಅರಿಯದವರಲ್ಲ. ಆದರೆ ಅದೇ ವರ್ಷದ ಜೂನ್ ತಿಂಗಳಿನಲ್ಲಿ, ಪೂರ್ವ ಸಮುದ್ರದ ದಡದ ಪುದುಚೇರಿಯಲ್ಲಿ, ರೋಗದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಇಟಲಿಯ ಧರ್ಮಾಧಿಕಾರಿ ಒಂದು ಆಜ್ಞಾಪತ್ರಕ್ಕೆ ರುಜು ಹಾಕಿದರೆಂಬುದನ್ನೂ, ಆ ಪತ್ರವು ಮಧುರೆಯ ಜೊತೆಗೆ ಮೈಸೂರಿನ ಕ್ರೈಸ್ತರ ಮನೆಯ ಒಲೆ, ಹಣೆ, ಕೊರಳು, ಹೊಸ್ತಿಲುಗಳನ್ನೆಲ್ಲ ತನಿಖೆ ಮಾಡಿತೆಂಬುದನ್ನೂ ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಕ್ರೈಸ್ತ ಜೀವನದಲ್ಲಿ ಒಳ್ಳೆಯದಾವುದು, ಕೆಟ್ಟದಾವುದು ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಮೊಟ್ಟಮೊದಲು ಇಷ್ಟು ನಿಷ್ಠುರವಾಗಿ ಎದ್ದು ನಿಂತದ್ದು ಆ ಪತ್ರದಿಂದಲೇ ಎಂದು ನನಗೆ ತೋರುತ್ತದೆ.

ಹಿನ್ನೆಲೆ ಸಂಕ್ಷೇಪವಾಗಿ ಹೀಗಿದೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟೋ ದೆ ನೊಬಿಲಿ ಎಂಬ ಯೇಸುಸಭೆಯ ಗುರು, ಕ್ರಿಸ್ತನ ಮತವೆಂದರೆ ಪರಂಗಿಯವರ ಮತ, ಮದ್ಯ ಮಾಂಸಗಳ ಮತ ಎಂಬ ಜನರ ಭಾವನೆಯನ್ನು ತೊಡೆಯಬೇಕೆಂದು ಸಂನ್ಯಾಸಿಯ ವೇಷ ಧರಿಸಿದರು. ಕಾವಿ ಉಟ್ಟರು, ಸಸ್ಯಾಹಾರ ಹಿಡಿದರು, ಸಂಸ್ಕೃತ ತಮಿಳುಗಳನ್ನು ಕಲಿತರು. ಜನಿವಾರ, ಜುಟ್ಟು, ಗಂಧ, ಸ್ನಾನ ಇವು ಲೋಕರೂಢಿಯೇ ಹೊರತು ವಿಗ್ರಹಾರಾಧನೆಯಲ್ಲ ಎಂದು ವಾದಿಸಿದರು. ರೋಮಿನಲ್ಲಿ ದೊಡ್ಡ ಚರ್ಚೆಯೇ ನಡೆದು, 1623ರಲ್ಲಿ ಹದಿನೈದನೆಯ ಗ್ರೆಗರಿ ಪೋಪರು ನೊಬಿಲಿಯ ವಾದವನ್ನು ಬಹುಮಟ್ಟಿಗೆ ಒಪ್ಪಿದರು. ಅದೇ ಮಾರ್ಗವನ್ನು ಹಿಡಿದು 1640ರ ದಶಕದ ಕೊನೆಗೆ ನಮ್ಮ ಕಡೆಗೆ ಬಂದವರು ಲಿಯೊನಾರ್ಡೊ ಚಿನ್ನಮಿ. ಅವರೂ ಕಾವಿಯ ಗುರುಗಳೇ. ಶ್ರೀರಂಗಪಟ್ಟಣದಲ್ಲಿ ನೆಲೆ ಮಾಡಿ, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಪುಸ್ತಕವನ್ನೂ ವ್ಯಾಕರಣ ನಿಘಂಟುಗಳನ್ನೂ ಸಿದ್ಧಪಡಿಸಿದರೆಂದು ಅವರ ಸಂಘದ ದಾಖಲೆಗಳು ಹೇಳುತ್ತವೆ. ಮೈಸೂರಿನ ಮಿಷನ್ನಿಗೆ ಘಟ್ಟದ ಕೆಳಗಿನ ಸತ್ಯಮಂಗಲವೂ ಒಂದು ಮುಖ್ಯ ಕೇಂದ್ರವಾಗಿತ್ತು. ಅಲ್ಲಿಂದ ಗಜ್ಜಲಹಟ್ಟಿಯ ಕಣಿವೆಯನ್ನೇರಿದರೆ ಸಿಕ್ಕುವುದೇ ಆಗ ಅರಿಕುಠಾರವೆಂದು ಹೆಸರಿದ್ದ ನಮ್ಮ ಚಾಮರಾಜನಗರದ ಬಯಲು.

ಪುದುಚೇರಿಯಲ್ಲಿ ರುಜು ಹಾಕಿದ ಧರ್ಮಾಧಿಕಾರಿಯ ಹೆಸರು ಶಾರ್ಲ್ ತೊಮಾ ಮೈಯಾರ್ ದ ತೂರ್ನೋಂ. ಪೋಪರ ಪ್ರತಿನಿಧಿಯಾಗಿ ಚೀನಕ್ಕೆ ಹೊರಟಿದ್ದವರು ನಡುವೆ 1703ರ ನವೆಂಬರಿನಿಂದ ಮರುವರ್ಷದ ಜುಲೈವರೆಗೆ, ಎಂಟು ತಿಂಗಳು, ಪುದುಚೇರಿಯಲ್ಲಿ ತಂಗಿದರು. ಒಳನಾಡನ್ನು ಅವರು ನೋಡಲಿಲ್ಲ. ಮಧುರೆಯ ಒಂದು ಹಳ್ಳಿಗಾಗಲಿ ಮೈಸೂರಿನ ಒಂದು ಹಳ್ಳಿಗಾಗಲಿ ಹೋಗಲಿಲ್ಲ. ಇಬ್ಬರು ಯೇಸುಸಭೆಯ ಗುರುಗಳನ್ನು ಬಳಿಗೆ ಕರೆಸಿ ವಿಚಾರಿಸಿ, ಹದಿನಾರು ಕಲಮುಗಳ ಆಜ್ಞೆಯನ್ನು ಹೊರಡಿಸಿ ಹಡಗು ಹತ್ತಿಬಿಟ್ಟರು.

ಆ ಕಲಮುಗಳನ್ನು ಓದುವಾಗ ನಮ್ಮ ನಾಡಿನ ಒಂದು ಮದುವೆಯ ಮನೆಯನ್ನು ಹೊಕ್ಕಂತಾಗುತ್ತದೆ. ಗಣಪತಿಯ ರೂಪವಿರುವ ತಾಳಿ ಕೂಡದು. ಅರಿಸಿನ ಹಚ್ಚಿದ ನೂರೆಂಟು ಎಳೆಗಳ ದಾರ ಕೂಡದು. ಮದುವೆಯಲ್ಲಿ ತೆಂಗಿನಕಾಯಿ ಒಡೆದು ಶಕುನ ನೋಡಕೂಡದು. ಆರೇಳು ವರ್ಷದ ಮಕ್ಕಳಿಗೆ ವಿವಾಹ ನಿಶ್ಚಯಿಸಕೂಡದು. ಹೆಣ್ಣು ಮೈನೆರೆದದ್ದನ್ನು ಹಬ್ಬವಾಗಿ ಆಚರಿಸಕೂಡದು. ಆದರೆ ಮುಟ್ಟಾದ ಹೆಂಗಸನ್ನು ಆ ಕಾರಣದಿಂದ ದೇವಾಲಯದಿಂದಲೂ ಸಂಸ್ಕಾರಗಳಿಂದಲೂ ಹೊರಗಿಡಕೂಡದು. ಸಗಣಿಯ ಬೂದಿಯನ್ನು, ಬಿಳಿ ಕೆಂಪು ತಿಲಕಗಳನ್ನು ಹಣೆಗೆ ಹಚ್ಚಕೂಡದು. ಮೈ ಶುಚಿಗಾಗಿ ಮೀಯಬಹುದು, ಮಡಿಗಾಗಿ ಮೀಯಕೂಡದು. ಕ್ರೈಸ್ತ ವಾದ್ಯಗಾರರು ಗುಡಿಯ ಉತ್ಸವಗಳಲ್ಲಿ ಬಾರಿಸಕೂಡದು. ಅಪ್ಪಣೆಯಿಲ್ಲದೆ ಅನ್ಯಮತೀಯರ ಪುರಾಣ ಪುಸ್ತಕಗಳನ್ನು ಓದಕೂಡದು. ಇವುಗಳ ನಡುವೆಯೇ ಮತ್ತೊಂದು ಕಲಮು: ಪರೆಯನೊಬ್ಬನು ಸಾಯುವ ಸ್ಥಿತಿಯಲ್ಲಿದ್ದರೆ ಗುರುವು ಅವನ ಮನೆಯೊಳಕ್ಕೆ ಹೋಗಿ ಸಂಸ್ಕಾರ ನೀಡತಕ್ಕದ್ದು.

ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಿ ತಿಳಿಯುವುದಕ್ಕೆ ಕ್ರೈಸ್ತ ಗ್ರಂಥಗಳಲ್ಲಿ ಬರುವ ಲ್ಯಾಟಿನ್ ಮಾತಿನ ಬೇರು ಜರಡಿ ಹಿಡಿಯುವುದು ಎಂಬ ಅರ್ಥವನ್ನು ಕೊಡುತ್ತದೆ. ಜರಡಿಯನ್ನು ನಮ್ಮ ಕಡೆ ಒಂದರಿ ಎನ್ನುತ್ತೇವೆ. ಪಂಡಿತರು ಹಂಸಕ್ಷೀರನ್ಯಾಯವೆಂದು ಹೇಳುವ ಕೆಲಸವನ್ನೇ ನಮ್ಮ ಅಜ್ಜಿಯರು ಅಂಗಳದಲ್ಲಿ ಕುಳಿತು ಮಾಡುತ್ತಿದ್ದರು. ಹಂಸದ ಉಪಮೆಗಿಂತ ಒಂದರಿಯ ಉಪಮೆಯೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಹಂಸಕ್ಕೆ ತಪ್ಪು ಎಂಬುದಿಲ್ಲ. ಒಂದರಿಯಲ್ಲಾದರೋ ಎಲ್ಲವೂ ಕಣ್ಣಿನ ಅಳತೆಯ ಮೇಲೆ ನಿಂತಿದೆ: ಕಣ್ಣು ದೊಡ್ಡದಾದರೆ ಕಲ್ಲೂ ಕಾಳಿನ ಜೊತೆ ಕೆಳಗಿಳಿಯುತ್ತದೆ, ಚಿಕ್ಕದಾದರೆ ಕಾಳೂ ಕಲ್ಲಿನ ಜೊತೆ ಮೇಲೆ ನಿಲ್ಲುತ್ತದೆ.

ತೂರ್ನೋಂ ಹಿಡಿದ ಒಂದರಿಯ ಕಣ್ಣು ಎಂತಹುದು? ಗಣಪತಿಯ ತಾಳಿಯ ಮಾತು ಅವರ ಮತದ ದೃಷ್ಟಿಯಿಂದ ಅರ್ಥವಾಗುವಂಥದೇ. ಬಾಲ್ಯವಿವಾಹವನ್ನು ತಡೆದದ್ದು, ಮುಟ್ಟಾದವಳನ್ನು ಹೊರಗಿಡಬೇಡಿರೆಂದದ್ದು ಆ ಕಾಲಕ್ಕೆ ಆಶ್ಚರ್ಯ ಹುಟ್ಟಿಸುವ ವಿವೇಕ. ಆದರೆ ಹಣೆಯ ಬೂದಿಯೂ ಒಡೆದ ತೆಂಗಿನಕಾಯಿಯೂ ಬಾಗಿಲಲ್ಲಿ ನರಳುವ ರೋಗಿಯೂ ಒಂದೇ ಸಾಲಿನಲ್ಲಿ, ಒಂದೇ ದನಿಯಲ್ಲಿ ಬಂದಾಗ, ಬರೆದವರಿಗೆ ಇವುಗಳ ತೂಕ ಬೇರೆ ಬೇರೆಯೆಂದು ತೋರಿತ್ತೇ ಎಂಬ ಸಂದೇಹ ಬರುತ್ತದೆ.

ಈ ತೂಕದ ಪ್ರಶ್ನೆ ಕ್ರೈಸ್ತ ಮತಕ್ಕೆ ಹೊಸದೇನೂ ಅಲ್ಲ. ಮೊದಲನೆಯ ಶತಮಾನದಲ್ಲಿಯೇ ಗ್ರೀಕರ ಕೊರಿಂಥ ಪಟ್ಟಣದ ಭಕ್ತರು, ವಿಗ್ರಹಕ್ಕೆ ನೈವೇದ್ಯವಾದ ಮಾಂಸವನ್ನು ತಿನ್ನಬಹುದೇ ಎಂದು ಪೌಲನನ್ನು ಕೇಳಿದ್ದರು. ಪೌಲನ ಉತ್ತರ ಬಹು ಸೂಕ್ಷ್ಮವಾದದ್ದು. ವಿಗ್ರಹವೆಂಬುದು ಏನೂ ಅಲ್ಲ. ಆದುದರಿಂದ ಮಾಂಸದಲ್ಲಿ ದೋಷವಿಲ್ಲ. ಆದರೆ ನೀನು ತಿನ್ನುವುದನ್ನು ನೋಡಿ ನಿನಗಿಂತ ದುರ್ಬಲನಾದ ಸಹೋದರನೊಬ್ಬನ ಮನಸ್ಸು ಮುರಿಯುವುದಾದರೆ, ಅವನಿಗಾಗಿ ಬಿಟ್ಟುಬಿಡು. ಎಂದರೆ ಅಳತೆಗೋಲು ವಸ್ತುವಿನಲ್ಲಿಲ್ಲ. ಪಕ್ಕದಲ್ಲಿ ಕುಳಿತಿರುವ ದುರ್ಬಲನಲ್ಲಿದೆ.

ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ನಮ್ಮ ಜಿಲ್ಲೆಯ ಹನೂರಿನಾಚೆ, ಮಲೆ ಮಹದೇಶ್ವರ ಬೆಟ್ಟಕ್ಕೆ ದೂರವಲ್ಲದ ಮಾರ್ಟಳ್ಳಿಯ ಸುತ್ತ, ಮನೆಯಲ್ಲಿ ತಮಿಳಾಡುವ ಕಥೋಲಿಕ ಕುಟುಂಬಗಳು ಹಲವಿವೆ. ಆ ಕಡೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದಳು. ಮಾದೇಶ್ವರನ ಕಾವ್ಯದ ಪಾಠ ಮುಗಿದ ಮೇಲೆ ಕೊಠಡಿಗೆ ಬಂದು, “ಸಾರ್, ಜಾತ್ರೆಗೆ ಹೋದ ಪಕ್ಕದ ಮನೆಯವರು ಪ್ರಸಾದದ ಲಾಡು ಕೊಡ್ತಾರೆ. ನಮ್ಮ ಅಜ್ಜಿ ಕೈ ಮುಗಿದು ಇಸ್ಕೊಂಡು ದನಕ್ಕೆ ಹಾಕ್ತಿದ್ರು. ಅಮ್ಮ ನಮಗೇ ಕೊಡ್ತಾರೆ. ಇಬ್ಬರೂ ತಪ್ಪದೆ ಪೂಜೆಗೆ ಹೋಗೋರೇ. ಇಬ್ಬರಲ್ಲಿ ಯಾರು ಸರಿ?” ಎಂದಳು. ನಾನು ಆ ಮತದವನಲ್ಲ. ತೀರ್ಪು ಹೇಳುವ ಅಧಿಕಾರ ನನಗಿರಲಿಲ್ಲ. ನಿಮ್ಮ ಅಜ್ಜಿ ಅದನ್ನು ಬೇಡವೆಂದು ಹಿಂದಕ್ಕೆ ಕೊಡಲಿಲ್ಲವಲ್ಲ, ಅದನ್ನು ಗಮನಿಸಿದೆಯಾ ಎಂದಷ್ಟೇ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಕೊಟ್ಟರೆ ಅವರ ಮನಸ್ಸಿಗೆ ನೋವಾಗುತ್ತಲ್ಲ ಸಾರ್” ಎಂದಳು. ಪೌಲನ ಪತ್ರವನ್ನು ಆ ಮುದುಕಿ ಓದಿದ್ದರೋ ಕಾಣೆ. ಅವರು ತಮ್ಮ ನಿಯಮವನ್ನೂ ಬಿಟ್ಟಿರಲಿಲ್ಲ, ನೆರೆಯವಳನ್ನೂ ಬಿಟ್ಟಿರಲಿಲ್ಲ.

ಈಗ ಪುದುಚೇರಿಯ ಪತ್ರದ ವಾದ್ಯಗಾರರ ಕಲಮಿಗೆ ಬರೋಣ. ವಿದ್ವಾಂಸರು ಇದನ್ನು ಬೂದಿ ತಿಲಕಗಳಷ್ಟು ಚರ್ಚಿಸುವುದಿಲ್ಲ. ಗುಡಿಯ ಉತ್ಸವದಲ್ಲಿ ತಮಟೆ ಬಾರಿಸುತ್ತಿದ್ದವರು ಯಾರೆಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಊರಿನ ಹೊರಗಿನ ಕೇರಿಯವನಿಗೆ ಅದು ಭಕ್ತಿಯ ವಿಷಯವಾಗುವ ಮೊದಲು ಕೂಲಿಯ ವಿಷಯ, ಊರಿನೊಡನೆ ಅವನಿಗಿದ್ದ ಋಣದ ವಿಷಯ. ಬಾರಿಸದಿದ್ದರೆ ಸುಗ್ಗಿಯಲ್ಲಿ ಕಣದಿಂದ ಬರುವ ಧಾನ್ಯ ನಿಲ್ಲುತ್ತದೆ. ಗೌಡರ ಕೋಪ ಇಡೀ ಕೇರಿಯ ಮೇಲೆ ಬೀಳುತ್ತದೆ. ಮೇಲುಜಾತಿಯಿಂದ ಬಂದ ಕ್ರೈಸ್ತನು ಹಣೆಯ ಗುರುತನ್ನು ಅಳಿಸಿಕೊಂಡರೆ ನೆಂಟರ ನಡುವೆ ಮಾನ ಹೋದೀತು. ಕೇರಿಯ ಕ್ರೈಸ್ತನು ತಮಟೆಯನ್ನು ಕೆಳಗಿಟ್ಟರೆ ಊಟ ಹೋಗುತ್ತದೆ. ಪಾಪ ಪುಣ್ಯಗಳನ್ನು ವಿಂಗಡಿಸುವಾಗ ಅದರ ಬೆಲೆಯನ್ನು ತೆರುವವರು ಯಾರು ಎಂದು ಕೇಳುವುದನ್ನು ಹದಿನಾರು ಕಲಮುಗಳಲ್ಲಿ ನಾನು ಕಾಣಲಿಲ್ಲ.

ಹಾಗೆಂದು ಕಾವಿಯ ಗುರುಗಳ ಪಕ್ಷವೇ ಸರಿಯೆಂದು ಹೇಳಿ ಮುಗಿಸುವಂತಿಲ್ಲ. ಕನ್ನಡ ಕಲಿತವರು, ನಮ್ಮ ಊಟ ಉಂಡವರು, ನಮ್ಮ ಬಿಸಿಲಿನಲ್ಲಿ ಸವೆದವರು ಎಂಬ ಅಭಿಮಾನ ನನಗೂ ಇದೆ. ಆದರೆ ಪರೆಯನ ಹೊಸ್ತಿಲಿನ ಕಲಮು ಹುಟ್ಟಿದ್ದು ಸುಮ್ಮನೆ ಅಲ್ಲ. ಸಂನ್ಯಾಸಿಯ ವೇಷದ ಗುರುವು ಕೇರಿಯನ್ನು ಹೊಕ್ಕರೆ ಮೇಲುಜಾತಿಯವರು ಅವನನ್ನು ಮತ್ತೆ ಹತ್ತಿರ ಸೇರಿಸುತ್ತಿರಲಿಲ್ಲ. ಆದುದರಿಂದ ಯೇಸುಸಭೆಯವರು 1640ರ ಸುಮಾರಿಗೆ ಮಧುರೆಯಲ್ಲಿ ಪಂಡಾರಸ್ವಾಮಿಗಳೆಂಬ ಇನ್ನೊಂದು ವರ್ಗದ ಗುರುಗಳನ್ನು ಏರ್ಪಡಿಸಿದರು. ಒಂದೇ ಸಂಘದ ಇಬ್ಬರು ಗುರುಗಳು ಬೇರೆ ಬೇರೆ ವೇಷದಲ್ಲಿ, ಬೇರೆ ಬೇರೆ ಜನರ ನಡುವೆ. ಸಾಯುತ್ತಿರುವ ಪರೆಯನನ್ನು ಗುಡಿಸಿಲಿನಿಂದ ಹೊರಕ್ಕೆ ಹೊತ್ತು ತಂದರೆ ಗುರುವು ಬಂದು ಸಂಸ್ಕಾರ ನೀಡುವ ವಾಡಿಕೆಯೂ ಬೆಳೆಯಿತು.

ವಿಪರ್ಯಾಸವೆಂದರೆ ಇದನ್ನು ಕಂಡುಹಿಡಿಯುವ ಉಪಾಯವು ಅವರ ಮನೆಯಲ್ಲಿಯೇ ಇತ್ತು. ಯೇಸುಸಭೆಯ ಸ್ಥಾಪಕರಾದ ಇಗ್ನೇಷಿಯಸ್ ಲೊಯೋಲರು ಬರೆದ, 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಆತ್ಮಸಾಧನೆಯ ಕೈಪಿಡಿಯಲ್ಲಿ, ಮನಸ್ಸಿನ ಪ್ರೇರಣೆಗಳನ್ನು ವಿಂಗಡಿಸುವ ನಿಯಮಗಳಿವೆ. ಸಜ್ಜನನನ್ನು ಕೆಡಕು ಕೆಡಕಿನ ರೂಪದಲ್ಲಿ ಎಂದಿಗೂ ಕರೆಯುವುದಿಲ್ಲ, ಒಳಿತಿನ ವೇಷದಲ್ಲಿಯೇ ಬರುತ್ತದೆ. ಆದುದರಿಂದ ಯೋಚನೆಯ ಆರಂಭವನ್ನಷ್ಟೇ ನೋಡದೆ ನಡುವೆಯನ್ನೂ ಕೊನೆಯನ್ನೂ ನೋಡಬೇಕು. ಹಾವನ್ನು ಅದರ ಬಾಲದಿಂದ ಗುರುತಿಸಬೇಕು ಎಂಬುದು ಅವುಗಳ ಒಂದು ತಾತ್ಪರ್ಯ. ನೊಬಿಲಿಯ ಯೋಚನೆಯ ಆರಂಭ ಒಳ್ಳೆಯದು: ಈ ದೇಶದವನು ಕ್ರೈಸ್ತನಾಗಲು ಪರದೇಶಿಯಾಗಬೇಕಿಲ್ಲ. ನಡುವೆಯೂ ಒಳ್ಳೆಯದೇ: ಭಾಷೆ, ಶಾಸ್ತ್ರ, ಸಾತ್ವಿಕ ಆಹಾರ. ಬಾಲವೆಲ್ಲಿ ಕಂಡಿತೆಂದರೆ, ಗುಡಿಸಿಲಿನಿಂದ ಹೊರಗೆ ಹೊತ್ತು ತಂದ ರೋಗಿಯ ಚಾಪೆಯ ಬಳಿ. ಹಳ್ಳಿಯನ್ನೇ ನೋಡದ, ಭಾಷೆಯನ್ನೇ ಅರಿಯದ ತೂರ್ನೋಂ ಅದನ್ನು ಕಂಡರು. ಜೀವಮಾನವನ್ನೆಲ್ಲ ಇಲ್ಲಿಯೇ ಸವೆಸಿದವರಿಗೆ ಅದು ಅನಿವಾರ್ಯವಾದ ಲೋಕರೂಢಿಯೆಂದು ತೋರಿತು. ನೆಲದ ಪರಿಚಯ ಹೆಚ್ಚಿದಂತೆ ವಿವೇಕವೂ ಹೆಚ್ಚುತ್ತದೆಂದು ನಂಬಿರುವ ನಮ್ಮಂತಹ ದೇಶೀವಾದಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ವಿವಾದವು ನಾಲ್ವತ್ತು ವರ್ಷ ಎಳೆದು, 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರ ಶಾಸನದಿಂದ ಮುಕ್ತಾಯಗೊಂಡಿತು. ನಿಷೇಧಗಳು ಬಹುಮಟ್ಟಿಗೆ ಉಳಿದವು. ಅವನ್ನು ಪಾಲಿಸುವುದಾಗಿ ಗುರುಗಳು ಪ್ರಮಾಣ ಮಾಡಬೇಕಾಯಿತು. ಹೊಸ್ತಿಲಿನ ವಿಷಯದಲ್ಲಿ ಮಾತ್ರ ಒಂದು ರಾಜಿ: ಪರೆಯರಿಗಾಗಿಯೇ ಪ್ರತ್ಯೇಕ ಗುರುಗಳನ್ನು ನೇಮಿಸುತ್ತೇವೆಂಬ ಯೇಸುಸಭೆಯವರ ಸಲಹೆಯನ್ನು ರೋಮ್ ಒಪ್ಪಿತು. ಹಣೆಯ ಗುರುತಿಗೆ ರಾಜಿಯಿಲ್ಲ, ಹೊಸ್ತಿಲಿಗೆ ರಾಜಿಯುಂಟು! 1773ರಲ್ಲಿ ಯೇಸುಸಭೆಯೇ ವಿಸರ್ಜಿತವಾಗಿ, ಮೈಸೂರಿನ ಮಿಷನ್ ಪ್ಯಾರಿಸ್ಸಿನ ಪರದೇಶ ಮಿಷನ್ ಸಂಘದವರ ಕೈ ಸೇರಿತು.

ಆ ಸಂಘದಿಂದ ಬಂದವರೇ ನಮ್ಮ ಓದುಗರು ಹೆಸರು ಕೇಳಿರುವ ಅಬ್ಬೆ ದುಬ್ವಾ. 1792ರಲ್ಲಿ ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ದೇಶ ಬಿಟ್ಟ ಈ ತರುಣ ಗುರು, ಶ್ರೀರಂಗಪಟ್ಟಣ ಬಿದ್ದ 1799ರ ಬಳಿಕ ಅಲ್ಲಿಗೆ ಬಂದರು. ಟೀಪುವಿನ ಕಾಲದಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದು, ಬಲಾತ್ಕಾರದಿಂದ ಮತಾಂತರಗೊಂಡಿದ್ದ ಕ್ರೈಸ್ತರು ಹಿಂದಿರುಗಲು ಬಯಸಿ ನಿಂತಿದ್ದರು. ಜೀವಭಯದಿಂದ ಮತ ಬಿಟ್ಟವನು ದ್ರೋಹಿಯೋ, ನೊಂದವನೋ? ದುಬ್ವಾ ಅವರು ಬಾಗಿಲು ತೆರೆದರು. ಹಾಸನದ ಸೀಮೆಯಲ್ಲಿ ದಿಕ್ಕಿಲ್ಲದವರಿಗೆ ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬಿನ ಹಾವಳಿಗೆ ದೇವಿ ಹಾಕಿಸುವ ಪದ್ಧತಿ ಇನ್ನೂ ಹೊಸದಾಗಿದ್ದಾಗ, 1803–04ರಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಅವರ ಹೆಸರನ್ನು ಲೋಕಕ್ಕೆಲ್ಲ ತಿಳಿಸಿದ್ದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ದೊಡ್ಡ ಗ್ರಂಥ. ಈಸ್ಟ್ ಇಂಡಿಯಾ ಕಂಪೆನಿಯು 1807ರಲ್ಲಿ ಹಸ್ತಪ್ರತಿಯನ್ನು 2,000 ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆದರೆ 1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ, ಅದರ ಬಹುಭಾಗವು ಪುದುಚೇರಿಯ ಯೇಸುಸಭೆಯ ಗುರು ಕೆರ್ದೂ ಅವರ ಹಳೆಯ ಬರಹದಿಂದ ಎತ್ತಿಕೊಂಡದ್ದೆಂದು ತೋರಿಸಿಕೊಟ್ಟರು. ಕೆರ್ದೂ ಸಾಮಾನ್ಯರಲ್ಲ, ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ನುಗಳಿಗೂ ನಂಟುಂಟೆಂದು 1767ರಲ್ಲಿಯೇ ಪ್ಯಾರಿಸ್ಸಿಗೆ ಬರೆದು ತಿಳಿಸಿದ್ದವರು. ಭಾಷಾಶಾಸ್ತ್ರದ ತರಗತಿಗಳಲ್ಲಿ ಆ ಕೀರ್ತಿ ವಿಲಿಯಂ ಜೋನ್ಸನಿಗೆ ಹೋಗುತ್ತದೆ, ಪುಸ್ತಕದ ಕೀರ್ತಿ ದುಬ್ವಾಗೆ ಹೋಯಿತು. ದೇವಿ ಹಾಕಿಸಿದ ಕೈಯೇ ಮತ್ತೊಬ್ಬರ ಹಾಳೆಗಳನ್ನೂ ನಕಲು ಮಾಡಿತು. ಇದರಿಂದ ಅದು ಮಲಿನವಾಗುವುದಿಲ್ಲ, ಅದರಿಂದ ಇದು ತೊಳೆದುಹೋಗುವುದೂ ಇಲ್ಲ.

1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದಾಗ ಪ್ರಕಟಿಸಿದ ಪತ್ರಗಳಲ್ಲಿ ದುಬ್ವಾ ತಮ್ಮ ಇಡೀ ಸೇವೆಯನ್ನು ತೂಗಿ ನೋಡಿದ್ದಾರೆ. ಇಪ್ಪತ್ತೈದು ವರ್ಷಗಳಲ್ಲಿ ತಾವು ಮತಕ್ಕೆ ತಂದದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಪರೆಯರು, ಭಿಕ್ಷುಕರು ಎಂದು ನಿರಾಶೆಯಿಂದ ಲೆಕ್ಕ ಒಪ್ಪಿಸಿದ್ದಾರೆ. ರೋಮಿನ ನಿಷೇಧಗಳೇ ಈ ಸೋಲಿಗೆ ಒಂದು ಮುಖ್ಯ ಕಾರಣವೆಂಬುದು ಅವರ ಮತ. ಬೂದಿ ತಿಲಕಗಳ ವಿಷಯದಲ್ಲಿ ಅವರ ದೃಷ್ಟಿ ನಿರ್ಮಲವಾದದ್ದು. ಆದರೆ ಜಾತಿಪದ್ಧತಿಯನ್ನು ಹಿಂದೂ ಶಾಸನಕಾರರ ಶ್ರೇಷ್ಠ ಕೃತಿಯೆಂದು ಹೊಗಳಿದವರೂ ಅವರೇ. ಬಾಗಿಲಿಗೆ ಬಂದವರಲ್ಲಿ ಹೆಚ್ಚಿನವರು ಪರೆಯರೆಂಬುದು ಅವರ ಪುಸ್ತಕದಲ್ಲಿ ಸೋಲಿನ ಬದಿಗೆ ಬರೆದ ಅಂಕಿ. ಗಲಿಲಾಯದ ಬೆಸ್ತರ ನಡುವೆ ಹುಟ್ಟಿದ ಮತದ ಗುರುವೊಬ್ಬರು ಆ ಅಂಕಿಯನ್ನು ಅಲ್ಲಿ ಬರೆದದ್ದನ್ನು ಕಂಡು ನನಗೆ ಇಂದಿಗೂ ಖೇದವಾಗುತ್ತದೆ.

ಅನ್ಯಮತೀಯರ ಪುಸ್ತಕಗಳನ್ನು ಓದಕೂಡದೆಂಬ ಕಲಮಿನ ಬಗ್ಗೆ ಕನ್ನಡ ಅಧ್ಯಾಪಕನಾಗಿ ಒಂದು ಮಾತು ಹೇಳದಿರಲಾರೆ. ಪ್ರೊಟೆಸ್ಟಂಟರಾದ ಬಾಸೆಲ್ ಮಿಷನ್ನಿನವರಿಗೆ ಆ ಕಲಮು ಅನ್ವಯಿಸುತ್ತಿರಲಿಲ್ಲ. ಅನ್ವಯಿಸಿದ್ದರೆ ಹರ್ಮನ್ ಮೊಗ್ಲಿಂಗರು 1848ರಿಂದ 1853ರವರೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತರುತ್ತಿರಲಿಲ್ಲ. ಕಿಟ್ಟೆಲರು 1872ರಲ್ಲಿ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ, 1894ರಲ್ಲಿ ಆ ಮಹಾನಿಘಂಟನ್ನೂ ನಮ್ಮ ಕೈಗಿಡುತ್ತಿರಲಿಲ್ಲ. ಆ ಪುಸ್ತಕಗಳ ದೇವರುಗಳನ್ನು ಅವರು ಒಪ್ಪಲಿಲ್ಲ; ಪುಸ್ತಕಗಳನ್ನು ಓದಿದರು, ಅಕ್ಷರ ಅಕ್ಷರವನ್ನೂ ತಿದ್ದಿ ಅಚ್ಚು ಹಾಕಿಸಿದರು.

ಯೇಸುವಿನ ಸಾಮತಿಗಳಲ್ಲಿ ಒಬ್ಬ ಬೇಸಾಯಗಾರನ ಕಥೆಯಿದೆ. ಅವನ ಗೋದಿಯ ಹೊಲದಲ್ಲಿ ವೈರಿಯೊಬ್ಬನು ರಾತ್ರಿ ಕಳೆಯ ಬೀಜ ಬಿತ್ತಿ ಹೋಗುತ್ತಾನೆ. ಹಳೆಯ ಕನ್ನಡ ಬೈಬಲಿನಲ್ಲಿ ಆ ಕಳೆಗೆ ಹಣಜಿ ಎಂಬ ಹೆಸರು. ತೆನೆ ಮೂಡುವವರೆಗೆ ಅದು ಗೋದಿಯಂತೆಯೇ ಕಾಣುತ್ತದೆ. ಕಿತ್ತುಹಾಕೋಣವೇ ಎಂದು ಆಳುಗಳು ಕೇಳಿದರೆ ಯಜಮಾನನು ಬೇಡವೆನ್ನುತ್ತಾನೆ, ಗೋದಿಯ ಬೇರೂ ಜೊತೆಯಲ್ಲಿ ಬಂದೀತು, ಸುಗ್ಗಿಯವರೆಗೆ ಇರಲಿ ಎನ್ನುತ್ತಾನೆ. ನಮ್ಮ ಗುಂಡ್ಲುಪೇಟೆಯ ರೈತನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯ ಹೊಲದಲ್ಲಿಯೂ ರಾಗಿಯ ಪೈರನ್ನೇ ಹೋಲುವ ಹುಲ್ಲು ಬೆಳೆಯುತ್ತದೆ. ಅನುಭವವಿಲ್ಲದವನನ್ನು ಕಳೆಗೆ ಇಳಿಸಿದರೆ ಪೈರೇ ಕೈಗೆ ಬರುತ್ತದೆ. ಆದರೆ ಕಥೆಯ ಯಜಮಾನನ ತಾಳ್ಮೆಯನ್ನು ಎಲ್ಲದಕ್ಕೂ ಹಚ್ಚಬಾರದು. ತಾಳಿ, ತಿಲಕ, ಲಾಡುಗಳ ವಿಷಯದಲ್ಲಿ ಸುಗ್ಗಿಯವರೆಗೆ ಕಾಯಬಹುದು. ಗುಡಿಸಿಲಿನೊಳಗೆ ಉಸಿರೆಳೆಯುತ್ತಿರುವವನಿಗೆ ಸುಗ್ಗಿಯವರೆಗೆ ಸಮಯವಿರಲಿಲ್ಲ.

ಕಾಲವು ಕೊಟ್ಟ ತೀರ್ಪನ್ನೂ ನೋಡಬಹುದು. 1940ರಲ್ಲಿ ರೋಮ್ ಆ ಹಳೆಯ ಪ್ರಮಾಣವನ್ನು ರದ್ದು ಮಾಡಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಕನ್ನಡದಲ್ಲಿ ನಡೆಯತೊಡಗಿತು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವೊಂದು ಇದೇ ಕೆಲಸಕ್ಕೆ ನಿಂತಿತು. 1969ರಲ್ಲಿ ಆರತಿ, ಅಂಜಲಿ, ನೆಲದ ಮೇಲೆ ಕುಳಿತು ಪೂಜಿಸುವುದು ಮೊದಲಾದ ಹನ್ನೆರಡು ಅಂಶಗಳಿಗೆ ರೋಮಿನ ಒಪ್ಪಿಗೆ ದೊರೆಯಿತು. ನೊಬಿಲಿಗೆ ಮೂರೂವರೆ ಶತಮಾನ ತಡವಾಗಿ ಬಂದ ಜಯವದು. ಇಷ್ಟು ಕಾಲ ಪಾಪವೆನಿಸಿದ್ದವು ಒಂದರಿಯ ಕಣ್ಣುಗಳಿಂದ ಇಳಿದುಹೋದವು.

ಇಳಿಯದೆ ಉಳಿದದ್ದು ಹೊಸ್ತಿಲು. ತಿರುಚಿನಾಪಳ್ಳಿಯಲ್ಲಿ ಕ್ರೈಸ್ತರ ಸ್ಮಶಾನವೊಂದರ ನಡುವೆಯೇ ಜಾತಿಯ ಗೋಡೆ ಎದ್ದಿದ್ದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತ ಕ್ರೈಸ್ತರನ್ನು ಕುರಿತು ಒಂದು ನೀತಿಪತ್ರವನ್ನು ಹೊರಡಿಸಿ, ಅಸ್ಪೃಶ್ಯತೆಯ ಆಚರಣೆ ಸಭೆಯೊಳಗೆ ಇನ್ನೂ ಇದೆಯೆಂದು ಒಪ್ಪಿಕೊಂಡು, ಅದನ್ನು ತೊಡೆಯುವ ಕ್ರಮಗಳನ್ನು ವಿಧಿಸಿತು. ಪುದುಚೇರಿಯಲ್ಲಿ ಆ ರೋಗಿಯು ಹಾಸಿಗೆಯಿಂದ ರುಜು ಹಾಕಿದ ಪತ್ರಕ್ಕೆ ಆ ಹೊತ್ತಿಗೆ 312 ವರ್ಷಗಳಾಗಿದ್ದವು.